ಸಾಂಬಾರ್ ಬಕೆಟ್ ಕೆಳಗಿಟ್ಟ ದಿನ

ಚಿಕ್ಕಮಗಳೂರಿನಲ್ಲಿ ನನ್ನ ಹತ್ತಿರ ಸಮಾಲೋಚನೆಗೆ ಬಂದ ಯುವಕನಿಗೆ 29 ವರ್ಷ. ಮೂಡಿಗೆರೆ ಕಡೆ ಕಾಫಿ ತೋಟ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಡೈರಿಯಲ್ಲಿ ಪ್ಲಾನ್ ಬರೆದುಕೊಂಡೇ ಬಂದಿದ್ದ: 'ಮೂರು ತಿಂಗಳಲ್ಲಿ ಧೈರ್ಯ ಬರಬೇಕು. ಹುಡುಗಿಯರಿಗೆ ನಾನು ಇಷ್ಟ ಆಗಬೇಕು. ವರ್ಷದೊಳಗೆ ಮದುವೆ.'

"ನೆಂಟರ ಮದುವೆಗೆ ಹೋದಾಗ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಸಾಂಬಾರ್ ಬಕೆಟ್ ಹಿಡಿದುಬಿಡ್ತೀನಿ ಮೇಡಂ. ಬಡಿಸ್ತಾ ಇದ್ರೆ ಯಾರೂ ನಿಲ್ಲಿಸಿ ಮಾತಾಡ್ಸಲ್ಲ."

ಊರವರ ಕಣ್ಣಿಗೆ ಅವನು ಕೈಕಾಲಿಗೆ ಒದಗುವ ಒಳ್ಳೆಯ ಹುಡುಗ. ಆ ಬಕೆಟ್ಟಿನ ಹಿಂದೆ ಅಡಗಿ ಎಷ್ಟು ವರ್ಷ ಕಳೆದಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಮನೋವಿಜ್ಞಾನದಲ್ಲಿ ಇದಕ್ಕೆ 'ಸುರಕ್ಷತಾ ನಡವಳಿಕೆ' ಎನ್ನುತ್ತೇವೆ. ಮೊಬೈಲಿನಲ್ಲಿ ಮುಖ ಹುದುಗಿಸುವುದು, ಆಡುವ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಉರುಹೊಡೆಯುವುದು, ಗೆಳೆಯನನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವುದು ಎಲ್ಲವೂ ಇದೇ ಜಾತಿ. ಆ ಹೊತ್ತಿಗೇನೋ ಭಯ ತಗ್ಗುತ್ತದೆ. ಬಕೆಟ್ ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶ ಮಾತ್ರ ಪ್ರತಿ ಸಲವೂ ಕೈತಪ್ಪುತ್ತದೆ.

ಡೈರಿಯ ಮೂರು ಸಾಲಿನಲ್ಲಿ ಅವನು ಮಾಡಬೇಕಾದ ಕೆಲಸ ಒಂದೂ ಇರಲಿಲ್ಲ. ಹುಡುಗಿ ಮೆಚ್ಚುವುದು ಬಿಡುವುದು ಅವಳಿಗೆ ಸೇರಿದ್ದು. ಅದನ್ನು ತನ್ನ ಗುರಿಯಾಗಿ ಬರೆದುಕೊಂಡವನಿಗೆ ವಾರ ವಾರವೂ ಸೋತಂತೆಯೇ ಅನಿಸುತ್ತದೆ.

ಹೊಸ ಹಾಳೆ ತೆಗೆದೆವು. ಒಂದೊಂದು ಸನ್ನಿವೇಶಕ್ಕೂ 0ಯಿಂದ 100ರೊಳಗೆ ಭಯದ ಅಂಕ ಕೊಡಲು ಹೇಳಿದೆ. ಗೊಬ್ಬರದ ಅಂಗಡಿಯಲ್ಲಿ ಗುರುತಿಲ್ಲದವರೊಡನೆ ಮಳೆಯ ಮಾತೆತ್ತುವುದು 30. ಬಕೆಟ್ ಮುಟ್ಟದೆ ಪಂಕ್ತಿಯಲ್ಲಿ ಕೂತು ಪಕ್ಕದವರನ್ನು ಮಾತಾಡಿಸುವುದು 65. ಹೆಣ್ಣು ನೋಡಲು ಹೋದಾಗ ಹುಡುಗಿಯೊಡನೆ ಹತ್ತು ನಿಮಿಷ ಮಾತಾಡುವುದು 90. ಕೆಳಗಿನ ಮೆಟ್ಟಿಲಿನಿಂದ ಶುರು, ಅಂಕ ಅರ್ಧಕ್ಕೆ ಇಳಿಯುವವರೆಗೆ ಅದೇ ಮೆಟ್ಟಿಲು. 'ಜನರ ಜೊತೆ ಬೆರೆಯುತ್ತೇನೆ' ಎಂದು ಬರೆಯಲು ನಾನು ಬಿಡುವುದಿಲ್ಲ. 'ಮಂಗಳವಾರ, ಗೊಬ್ಬರದ ಅಂಗಡಿ, ಬಿಲ್ ಬರೆಯುವಷ್ಟರಲ್ಲಿ' ಎಂದಿರಬೇಕು.

"ಎಲ್ಲರೂ ನನ್ನನ್ನೇ ನೋಡ್ತಿರ್ತಾರೆ" ಎಂಬ ಅಳಲು ಬಹಳ ಜನರದ್ದು. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರಿಸುವ ಟೀ ಶರ್ಟ್ ತೊಡಿಸಿ ಜನರಿದ್ದ ಕೋಣೆಗೆ ಕಳಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು. ನಿಜವಾಗಿ ಗಮನಿಸಿದವರು ಕಾಲು ಭಾಗವೂ ಇರಲಿಲ್ಲ.

ಹುಡುಗಿಯೊಡನೆ ಏನು ಮಾತಾಡಬೇಕು ಎಂದೂ ಕೇಳಿದ. ಬಂದ ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟಲಿ ಎಂದೆ. "ಹಾಸನದಲ್ಲಿ ಕೆಲಸ" ಎಂದರೆ "ದಿನಾ ಬಸ್ಸಲ್ಲೇ ಓಡಾಡ್ತೀರಾ?" ಎನ್ನಬಹುದು. ಹೀಗೆ ಕೇಳಿಸಿಕೊಂಡು ಕೇಳುವವರನ್ನು ಜನ ಹೆಚ್ಚು ಮೆಚ್ಚುತ್ತಾರೆಂದು 2017ರ ಒಂದು ಅಧ್ಯಯನವೂ ತೋರಿಸಿದೆ. ಅವಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಮೆಸೇಜ್ ಕಳಿಸುವಂತಿಲ್ಲ. ಇದನ್ನೂ ಹಾಳೆಯಲ್ಲೇ ಬರೆಸಿದೆ.

ಜನರ ಭಯಕ್ಕೆ ಮನೆಯಿಂದ ಹೊರಬೀಳಲೇ ಆಗದವರು ಒಬ್ಬರೇ ಈ ಮೆಟ್ಟಿಲುಗಳ ಅಭ್ಯಾಸಕ್ಕೆ ಇಳಿಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕನೇ ತಿಂಗಳು ಅವನು ಬಂದಾಗ ಹಾಳೆ ಮಡಿಕೆ ಮಡಿಕೆಯಾಗಿತ್ತು. ಹಿಂದಿನ ಭಾನುವಾರ ಕಲ್ಯಾಣ ಮಂಟಪದಲ್ಲಿ ಚಿಕ್ಕಪ್ಪ "ಇವತ್ತು ಬಡಿಸಲ್ವೇನೋ?" ಎಂದು ಕೂಗಿದರಂತೆ. "ಇಲ್ಲ ಚಿಕ್ಕಪ್ಪ, ಊಟಕ್ಕೆ ಕೂತಿದೀನಿ" ಎಂದವನೇ ಪಕ್ಕದವರತ್ತ ತಿರುಗಿ ಕಾಫಿ ಹೂ ಅರಳಿಸುವ ಮಳೆಯ ಮಾತೆತ್ತಿ ಕೇಳಿದನಂತೆ: "ನಿಮ್ ಕಡೆ ಹೂಮಳೆ ಎಷ್ಟಾಯ್ತು, ಇಂಚು ದಾಟ್ತಾ?"

65 ಹೊಡೆದುಹಾಕಿ ಪಕ್ಕದಲ್ಲಿ 30 ಎಂದು ಬರೆದಿದ್ದ.