ಬಾಲ್ಡರ್ಸ್ ಗೇಟ್ 3: ‘ಬಾಳ ಕಷ್ಟ’, ‘ಏನೂ ಕಷ್ಟ ಇಲ್ಲ’ ಅನ್ನೋ ಜಗಳ ಎಲ್ಲಿಂದ ಬಂತು?

ಬೆಳಗಾವಿಯ ಉದ್ಯಮಬಾಗ ಕಡೆಯ ಹುಡುಗರ ರೂಮುಗಳಲ್ಲಿ ಬಾಲ್ಡರ್ಸ್ ಗೇಟ್ 3 ಅನ್ನೋ ವಿಡಿಯೊ ಗೇಮ್ ಈಗಲೂ ಹೊಸದಾಗಿ ಶುರುವಾಗುತ್ತಲೇ ಇದೆ. ಸೇಲ್ ಬಂದಾಗ ಕೊಳ್ಳುತ್ತಾರೆ. ಒಂದು ರಾತ್ರಿ ಇಡೀ ಡೌನ್‌ಲೋಡ್‌ಗೆ ಹಾಕಿ ಮಲಗುತ್ತಾರೆ, ಯಾಕಂದ್ರೆ ಆಟ 150 ಜಿಬಿ ಜಾಗ ಕೇಳುತ್ತದೆ. ಮರುದಿನ ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರು ಕಾಯುತ್ತಿರುವ ಪಾಳು ಹಳ್ಳಿಯಲ್ಲಿ ತಮ್ಮ ತಂಡದ ನಾಲ್ಕೂ ಪಾತ್ರಗಳು ಸತ್ತು ಬಿದ್ದ ಮೇಲೆ ನೆಟ್‌ನಲ್ಲಿ ಸಲಹೆ ಹುಡುಕುತ್ತಾರೆ. ಸಿಗುವ ಸಲಹೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರು ಮೇಲೆ ಹತ್ತಿ ಬಾಣ ಬಿಡು ಅಂತಾರೆ, ಇನ್ನೊಬ್ಬರು ಶತ್ರುವಿನ ಬೆನ್ನಿಗೆ ಹೋಗು ಅಂತಾರೆ, ಮತ್ತೊಬ್ಬರು ಕಾಳಗದ ನಡುವೆಯೇ ಊಟ ಮಾಡಿ ಗಾಯ ವಾಸಿ ಮಾಡಿಕೋ ಅಂತಾರೆ.

‘ಅಣ್ಣಾ, ಮ್ಯಾಲೆ ಹತ್ತಿದ್ರೂ ಏಟು ತಾಗವಲ್ದು’ ಅಂತ ಬಾಗಲಕೋಟೆಯ ನವನಗರದಿಂದ ಒಬ್ಬ ಹುಡುಗ ಆನ್‌ಲೈನ್‌ನಲ್ಲಿ ಕೇಳಿದ. ಅವನು ನೋಡಿದ ವಿಡಿಯೊ ಸುಳ್ಳಲ್ಲ. ಅದು 2020ರದು. ಆಗ ಈ ಆಟ ಅರ್ಲಿ ಆಕ್ಸೆಸ್‌ನಲ್ಲಿತ್ತು, ಅಂದರೆ ಪೂರ್ತಿ ಆಗುವ ಮೊದಲೇ ಮಾರಾಟಕ್ಕೆ ಬಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ಕಾಳಗದ ನಿಯಮಗಳು ಎಷ್ಟು ಸಲ ಬದಲಾಗಿವೆ ಅಂದರೆ, ಇಬ್ಬರು ಕೂತು ‘ಆಟ ಕಷ್ಟ’, ‘ಸುಲಭ’ ಅಂತ ವಾದ ಮಾಡುವಾಗ ಅವರು ಒಂದೇ ಆಟದ ಬಗ್ಗೆ ಮಾತಾಡುತ್ತಿದ್ದಾರಾ ಅನ್ನೋದೇ ಅನುಮಾನ.

ಹಳೆಯ ಕಥೆ ಬೇಗ ಹೇಳಿ ಮುಗಿಸುತ್ತೇನೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಡಿ ಆ್ಯಂಡ್ ಡಿ) ತಂದರು, ಟೇಬಲ್ ಸುತ್ತ ಕೂತು ದಾಳ ಹಾಕಿ ಪಾತ್ರಗಳಾಗಿ ಆಡುವ ಆಟ. 1998ರಲ್ಲಿ ಬಯೋವೇರ್ ಅದರ ಎರಡನೇ ಆವೃತ್ತಿಯ ನಿಯಮ ಇಟ್ಟುಕೊಂಡು ಮೊದಲ ಬಾಲ್ಡರ್ಸ್ ಗೇಟ್ ಮಾಡಿತು, 2000ದಲ್ಲಿ ಎರಡನೆಯದು ಬಂತು. 2014ರಲ್ಲಿ ನಿಯಮಗಳ ಐದನೇ ಆವೃತ್ತಿ ಬಂತು. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಆ ಐದನೇ ಆವೃತ್ತಿಯ ಮೇಲೆ ಮೂರನೆಯ ಆಟ ಕಟ್ಟಿ, 2020ರ ಅಕ್ಟೋಬರ್ 6ರಂದು ಅರ್ಲಿ ಆಕ್ಸೆಸ್‌ಗೆ ಬಿಟ್ಟಿತು. ಸಿಕ್ಕಿದ್ದು ಕಥೆಯ ಮೊದಲ ಅಂಕ ಮಾತ್ರ. ಪಾತ್ರಗಳ ಬಲ ಏರುವುದು ಲೆವೆಲ್ 4ಕ್ಕೆ ನಿಲ್ಲುತ್ತಿತ್ತು. ಈ ಲೆವೆಲ್ 4ರ ವಿಷಯ ಕೊನೆಗೆ ಮತ್ತೆ ಬೇಕಾಗುತ್ತದೆ.

ಲೇರಿಯನ್‌ಗೆ ಈ ದಾರಿ ಹೊಸದಲ್ಲ. ಡಿವಿನಿಟಿ: ಒರಿಜಿನಲ್ ಸಿನ್‌ನ ಎರಡೂ ಆಟಗಳನ್ನು ಅವರು ಅರ್ಲಿ ಆಕ್ಸೆಸ್‌ನಲ್ಲೇ ತಿದ್ದಿ ತೀಡಿದ್ದರು. ಆ ಆಟಗಳ ಮಜಾನೇ ನೆಲದ ಮೇಲಿತ್ತು: ಎಣ್ಣೆ ಚೆಲ್ಲು, ಬೆಂಕಿ ಹಚ್ಚು, ನೀರಿಗೆ ಕರೆಂಟ್ ಹರಿಸು, ಎತ್ತರಕ್ಕೆ ಹೋಗಿ ಜಾಸ್ತಿ ಏಟು ಕೊಡು. ಆ ರೂಢಿಗಳೆಲ್ಲ ಬಾಲ್ಡರ್ಸ್ ಗೇಟ್ 3ಕ್ಕೂ ಬಂದವು. ಡಿ ಆ್ಯಂಡ್ ಡಿ ನಿಯಮಗಳಿಗೆ ಮಾತ್ರ ತಮ್ಮದೇ ಲೆಕ್ಕ ಇದೆ. ಎರಡೂ ಒಂದೇ ಕಣಕ್ಕೆ ಇಳಿದಾಗ ಗಲಾಟೆ ಶುರುವಾಯಿತು.

ಎತ್ತರದ ವಿಷಯ ನೋಡಿ. ಟೇಬಲ್ ಮೇಲಿನ ಆಟದಲ್ಲಿ ಮಾಮೂಲಿ ಗಾಬ್ಲಿನ್‌ನ ಆರ್ಮರ್ ಕ್ಲಾಸ್, ಅಂದರೆ ಏಟು ತಾಗಲು ಮುಟ್ಟಬೇಕಾದ ಅಂಕಿ, 15. ಶುರುವಿನ ಲೆವೆಲ್‌ನ ಒಳ್ಳೆಯ ಯೋಧನಿಗೆ ದಾಳದ ಮೇಲೆ 5 ಕೂಡುತ್ತದೆ. ಅಂದರೆ 20 ಮುಖದ ದಾಳದಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು, ಶೇ. 55 ಅವಕಾಶ. ಐದನೇ ಆವೃತ್ತಿಯಲ್ಲಿ ‘ಅಡ್ವಾಂಟೇಜ್’ ಅಂತ ಒಂದಿದೆ: ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಅದು ಸಿಕ್ಕರೆ ಶೇ. 55 ಇದ್ದದ್ದು ಹತ್ತಿರ ಹತ್ತಿರ 80 ಆಗುತ್ತದೆ. ಉಲ್ಟಾ ಆದರೆ, ಅಂದರೆ ಎರಡರಲ್ಲಿ ಸಣ್ಣದನ್ನು ಇಟ್ಟುಕೊಳ್ಳಬೇಕಾದರೆ, 30ಕ್ಕೆ ಇಳಿಯುತ್ತದೆ. 2020ರ ಅರ್ಲಿ ಆಕ್ಸೆಸ್‌ನಲ್ಲಿ ಮೇಲೆ ನಿಂತವನಿಗೆ ಅಡ್ವಾಂಟೇಜ್, ಕೆಳಗೆ ನಿಂತವನಿಗೆ ಅದರ ಉಲ್ಟಾ. ಶೇ. 80 ಎಲ್ಲಿ, 30 ಎಲ್ಲಿ! ಆ ಪಾಳು ಹಳ್ಳಿಯಲ್ಲಿ ಗಾಬ್ಲಿನ್‌ಗಳು ಮೊದಲೇ ಮಾಳಿಗೆ ಹತ್ತಿ ನಿಂತಿರುತ್ತಿದ್ದವು. ಸುಮ್ನೆ ಬಾಗಿಲಿಂದ ಒಳಗೆ ನಡೆದುಹೋದವರು ಸತ್ತರು, ಮೊದಲೇ ಮಾಳಿಗೆ ಹತ್ತಿ ಬಂದವರಿಗೆ ಅದೇ ಕಾಳಗ ನೀರು ಕುಡಿದಷ್ಟು ಸುಲಭ ಆಯಿತು.

‘ಬಾಳ ಕಷ್ಟ’ ಮತ್ತು ‘ಏನೂ ಕಷ್ಟ ಇಲ್ಲ’ ಎರಡೂ ಹುಟ್ಟಿದ್ದು ಇಲ್ಲೇ, ಒಂದೇ ಕಾಳಗದಿಂದ. ಇಬ್ಬರದೂ ನಿಜ. ಒಂದೇ ಒಂದು ನಿಯಮಕ್ಕೆ ಇಷ್ಟು ತೂಕ ಕೊಟ್ಟರೆ ಕಷ್ಟ ಅನ್ನೋದು ಆಟಗಾರನ ಯೋಚನೆಯಿಂದ ಬರುವುದಿಲ್ಲ, ಆ ಗುಟ್ಟು ಗೊತ್ತಿದೆಯೋ ಇಲ್ಲವೋ ಅನ್ನೋದರಿಂದ ಬರುತ್ತದೆ.

ಬೆನ್ನಿಗೆ ಹೊಡೆಯುವುದೂ ಹಾಗೇ ಇತ್ತು. ಶತ್ರುವಿನ ಹಿಂದೆ ನಿಂತರೆ ಸಾಕು, ಅಡ್ವಾಂಟೇಜ್. ಜಿಗಿದರೆ ಶತ್ರುವಿನ ಕೈಯಿಂದ ತಪ್ಪಿಸಿಕೊಂಡ ಹಾಗೂ ಆಗುತ್ತಿತ್ತು, ಅದೂ ಬರೀ ಬೋನಸ್ ಆ್ಯಕ್ಷನ್‌ನಲ್ಲಿ (ಸರದಿಯ ಮುಖ್ಯ ಕೆಲಸದ ಜೊತೆಗೆ ಮಾಡಬಹುದಾದ ಸಣ್ಣ ಕೆಲಸ), ಯಾವ ಪಾತ್ರ ಬೇಕಾದರೂ ಮಾಡಬಹುದಿತ್ತು. ಬಚ್ಚಿಟ್ಟುಕೊಳ್ಳುವುದೂ ಹಾಗೇ. ಬೋನಸ್ ಆ್ಯಕ್ಷನ್‌ನಲ್ಲಿ ಹೀಗೆ ತಪ್ಪಿಸಿಕೊಳ್ಳುವುದು, ಬಚ್ಚಿಟ್ಟುಕೊಳ್ಳುವುದು ನಿಯಮದ ಪ್ರಕಾರ ರೋಗ್ ಅನ್ನೋ ಕಳ್ಳ ಪಾತ್ರದ ವಿಶೇಷ. ಎಲ್ಲರಿಗೂ ಕೊಟ್ಟರೆ ರೋಗ್‌ಗೆ ಏನು ಉಳಿಯಿತು, ಅಲ್ವಾ? ನಾಲ್ಕು ಜನ ಕೂಡಿ ಆಡುವಾಗ ಇದು ಕಣ್ಣಿಗೆ ಹೊಡೆಯುತ್ತಿತ್ತು. ಎಲ್ಲರೂ ಜಿಗಿಯುವುದು, ತಿರುಗುವುದು, ಬೆನ್ನಿಗೆ ಹೊಡೆಯುವುದು. ಅದೇ ಅದೇ.

ಬೆಂಕಿಯ ಕಥೆ ಇನ್ನೂ ಸ್ವಾರಸ್ಯ. ಫೈರ್ ಬೋಲ್ಟ್ ಅನ್ನೋದು ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಕ್ಕಟೆ ಮಂತ್ರ. ಶುರುವಿನಲ್ಲಿ ಅದು ಗುರಿ ತಪ್ಪಿದರೂ ನೆಲಕ್ಕೆ ಬೆಂಕಿ ಹಚ್ಚುತ್ತಿತ್ತು, ಆ ಬೆಂಕಿಯಲ್ಲಿ ನಿಂತವನಿಗೆ ಗಾಯ ಆಗುತ್ತಿತ್ತು. ಸಣ್ಣ ಗಾಯ ಅಂತ ಬಿಡುವ ಹಾಗಿಲ್ಲ. ಐದನೇ ಆವೃತ್ತಿಯಲ್ಲಿ ದೊಡ್ಡ ಮಂತ್ರಗಳನ್ನು ಹಿಡಿದಿಡಲು ‘ಕಾನ್ಸಂಟ್ರೇಷನ್’ ಬೇಕು, ಪ್ರತಿ ಗಾಯಕ್ಕೂ ಅದು ಮುರಿಯುತ್ತದೋ ಇಲ್ಲವೋ ಅಂತ ದಾಳ ಹಾಕಬೇಕು. ಹೀಗಾಗಿ ಒಂದು ಪುಕ್ಕಟೆ ಮಂತ್ರ, ಅದೂ ಗುರಿ ತಪ್ಪಿದ್ದು, ಎದುರಿನ ಮಾಂತ್ರಿಕನ ದೊಡ್ಡ ಮಂತ್ರ ಮುರಿಯಬಹುದಿತ್ತು.

ಇದರ ಜೊತೆಗೆ ದಾಳದ ಸಿಟ್ಟು. ಪರದೆ ಮೇಲೆ ಶೇ. 70 ಅಂತ ತೋರಿಸಿದರೂ ಮೂರು ಸಲ ಸತತವಾಗಿ ತಪ್ಪುವ ಸಾಧ್ಯತೆ ಶೇ. 2.7 ಇದೆ. ಒಂದು ಸಂಜೆಯಲ್ಲಿ ನೂರಾರು ಏಟು ಹಾಕುವ ಆಟದಲ್ಲಿ ಅದು ಆಗೇ ಆಗುತ್ತದೆ. ಆದಾಗ ಮನಸ್ಸು ಒಪ್ಪುವುದಿಲ್ಲ. ಏಟು ತಪ್ಪುವುದು ಬೇಜಾರು ಅನ್ನೋ ದೂರಿಗೆ ಉತ್ತರವಾಗಿ ಹಲವು ಶತ್ರುಗಳ ಆರ್ಮರ್ ಕ್ಲಾಸ್ ಇಳಿಸಿ ಹಿಟ್ ಪಾಯಿಂಟ್ (ಸಾಯುವ ಮೊದಲು ತಡೆದುಕೊಳ್ಳುವ ಪೆಟ್ಟಿನ ಲೆಕ್ಕ) ಏರಿಸಲಾಗಿತ್ತು. ಏಟು ಜಾಸ್ತಿ ತಾಗಲಿ, ಆದರೆ ಸಾಯಲು ಜಾಸ್ತಿ ಏಟು ಬೇಕಾಗಲಿ ಅನ್ನೋ ಲೆಕ್ಕ. ಕೇಳಲು ಸರಿ ಅನಿಸುತ್ತದೆ. ಆದರೆ ಇದರಿಂದ ಸದ್ದಿಲ್ಲದೆ ಪೆಟ್ಟು ತಿಂದದ್ದು ಬೇರೆ ಮಂತ್ರಗಳು. ಸ್ಲೀಪ್ ಮಂತ್ರ ಹಿಟ್ ಪಾಯಿಂಟ್ ಲೆಕ್ಕದಲ್ಲಿ ಮಲಗಿಸುತ್ತದೆ. 2014ರ ಟೇಬಲ್ ಆಟದ ನಿಯಮದಲ್ಲಿ ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್, ಸ್ಲೀಪ್‌ನ ಸರಾಸರಿ 22, ಮೂವರು ಮಲಗುತ್ತಾರೆ. ಗಾಬ್ಲಿನ್ ದಪ್ಪ ಆದರೆ ಅದೇ ಮಂತ್ರಕ್ಕೆ ಒಬ್ಬನೋ ಇಬ್ಬರೋ. ಎಂದೂ ಗುರಿ ತಪ್ಪದ ಮ್ಯಾಜಿಕ್ ಮಿಸೈಲ್‌ಗೂ ಬೆಲೆ ಕಮ್ಮಿ ಆಯಿತು, ಯಾಕಂದ್ರೆ ಬೇರೆ ಏಟುಗಳೂ ಈಗ ಅಷ್ಟಾಗಿ ತಪ್ಪುತ್ತಿರಲಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ, ಬ್ಯಾಲೆನ್ಸ್ ಅಂದರೆ ಇಷ್ಟೇ ಸಂಕಟ.

ಅದೇ 2020ರ ಅಕ್ಟೋಬರ್‌ನಲ್ಲಿ ಸೊಲಾಸ್ಟಾ ಅನ್ನೋ ಇನ್ನೊಂದು ಆಟವೂ ಅರ್ಲಿ ಆಕ್ಸೆಸ್‌ಗೆ ಬಂದಿತ್ತು, ಐದನೇ ಆವೃತ್ತಿಯ ನಿಯಮವನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಪಾಲಿಸುವ ಆಟ. ಹೋಲಿಕೆ ಶುರುವಾಯಿತು. ಅಲ್ಲಿಂದ ‘ಕಷ್ಟ’ ಅನ್ನೋ ಜಗಳದೊಳಗೆ ‘ನಿಯಮಕ್ಕೆ ನಿಷ್ಠೆ’ ಅನ್ನೋ ಇನ್ನೊಂದು ಜಗಳ ಸೇರಿಕೊಂಡಿತು. ಬೆನ್ನಿಗೆ ಹೊಡೆದರೆ ಅಡ್ವಾಂಟೇಜ್ ಬೇಡ ಅನ್ನುವವರಲ್ಲಿ ಕೆಲವರಿಗೆ ಅದು ಆಟ ಹಾಳು ಮಾಡುತ್ತದೆ ಅನ್ನೋ ಚಿಂತೆ, ಕೆಲವರಿಗೆ ಅದು ಪುಸ್ತಕದಲ್ಲಿ ಇಲ್ಲ ಅನ್ನೋ ಸಿಟ್ಟು. ಎರಡೂ ಬೇರೆ ಬೇರೆ ಮಾತು. ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಪ್ಯಾಚ್‌ಗಳು, ಅಂದರೆ ಆಟದ ತಿದ್ದುಪಡಿಗಳು, ಒಂದೊಂದಾಗಿ ಬಂದವು. 2021ರಲ್ಲಿ ಸತತ ಸೋಲು ತಪ್ಪಿಸುವ ದಾಳದ ಆಯ್ಕೆ ಬಂತು, ಮುಂದೆ ಅದೇ ‘ಕಾರ್ಮಿಕ್ ಡೈಸ್’ ಆಯಿತು. ಪುಕ್ಕಟೆ ಮಂತ್ರದ ಬೆಂಕಿ ನೆಲಕ್ಕೆ ಹತ್ತುವುದು ನಿಂತಿತು. ಬೆನ್ನಿನ ಅಡ್ವಾಂಟೇಜ್ ಹೋಯಿತು. ಎತ್ತರಕ್ಕೆ ಬರೀ 2 ಕೂಡುವುದು, ತಗ್ಗಿಗೆ 2 ಕಳೆಯುವುದು ಅಂತ ಆಯಿತು. ನಮ್ಮ ಅದೇ ಗಾಬ್ಲಿನ್ ಲೆಕ್ಕದಲ್ಲಿ ಶೇ. 65 ಮತ್ತು 45. ಎತ್ತರಕ್ಕೆ ಬೆಲೆ ಉಳಿಯಿತು, ಅದೊಂದೇ ಉತ್ತರ ಅನ್ನೋದು ಹೋಯಿತು. ಅರ್ಲಿ ಆಕ್ಸೆಸ್‌ನಲ್ಲಿ ಆದ ತಿದ್ದುಪಡಿಗಳಲ್ಲಿ ಇದು ಎಲ್ಲಕ್ಕಿಂತ ಒಳ್ಳೆಯದು. ನವನಗರದ ಹುಡುಗನ ಬಾಣ ತಾಗದೇ ಇದ್ದದ್ದಕ್ಕೂ ಇದೇ ಕಾರಣ. ಅವನು ನಂಬಿದ್ದ ಶೇ. 80 ಈಗ ಆಟದಲ್ಲೇ ಇಲ್ಲ.

ಇಷ್ಟೆಲ್ಲ ಗಲಾಟೆಯಲ್ಲಿ ಕಮ್ಮಿ ಜನ ಮಾತಾಡಿದ್ದು ವಿಶ್ರಾಂತಿಯ ಬಗ್ಗೆ. ನನ್ನ ಪ್ರಕಾರ ಗಂಟು ಇದ್ದದ್ದೇ ಅಲ್ಲಿ.

ಐದನೇ ಆವೃತ್ತಿಯ ಆಟ ನಡೆಸುವವರಿಗಾಗಿ 2014ರಲ್ಲಿ ಬಂದ ಡಂಜನ್ ಮಾಸ್ಟರ್ ಪುಸ್ತಕ ಒಂದು ದಿನಕ್ಕೆ ಆರರಿಂದ ಎಂಟು ಕಾಳಗ ಅಂತ ಅಂದಾಜು ಇಟ್ಟಿತ್ತು. ಮಾಂತ್ರಿಕನ ಸ್ಪೆಲ್ ಸ್ಲಾಟ್ (ದೊಡ್ಡ ಮಂತ್ರ ಎಷ್ಟು ಸಲ ಹಾಕಬಹುದು ಅನ್ನೋ ಲೆಕ್ಕ, ಮಲಗಿ ಎದ್ದರೆ ಮತ್ತೆ ತುಂಬುತ್ತದೆ) ಅಷ್ಟು ಕಾಳಗಕ್ಕೆ ಹಂಚಿಹೋಗಬೇಕು. ಇದನ್ನು ಈಗ ಖರ್ಚು ಮಾಡಲಾ, ಮುಂದಕ್ಕೆ ಇಡಲಾ ಅನ್ನೋ ಒದ್ದಾಟವೇ ಅಲ್ಲಿ ಕಷ್ಟ. ಕತ್ತಿ ಹಿಡಿದ ಯೋಧ ಆರನೇ ಕಾಳಗದಲ್ಲೂ ಅಷ್ಟೇ ಗಟ್ಟಿಯಾಗಿ ಹೊಡೆಯುತ್ತಾನೆ, ಅವನ ಬೆಲೆ ಗೊತ್ತಾಗುವುದೂ ಆಗಲೇ. ಅರ್ಲಿ ಆಕ್ಸೆಸ್‌ನ ಮೊದಲ ತಿಂಗಳುಗಳಲ್ಲಿ ಪ್ರತಿ ಕಾಳಗದ ನಂತರವೂ ಕ್ಯಾಂಪ್‌ಗೆ ಹೋಗಿ ಮಲಗಿ ಎದ್ದು ಬರಬಹುದಿತ್ತು. ಖರ್ಚಿಲ್ಲ. ಅಂದ ಮೇಲೆ ಪ್ರತಿ ಕಾಳಗಕ್ಕೂ ಪೂರ್ತಿ ಬಲ. ಅದೇ ಹೊತ್ತಿಗೆ, ಮಲಗಿದರೆ ತಲೆಯೊಳಗಿನ ಹುಳು ನಮ್ಮನ್ನು ರಾಕ್ಷಸ ಮಾಡಿಬಿಡುತ್ತದೆ ಅಂತ ಕಥೆ ಹೆದರಿಸುತ್ತಿತ್ತು. ಕಥೆ ನಂಬಿದವರು ಮಲಗದೆ, ಸ್ಲಾಟ್ ಇಲ್ಲದೆ, ಅರ್ಧ ಜೀವದಲ್ಲಿ ಗಿತ್‌ಯಾಂಕಿ ಅನ್ನೋ ಜನಾಂಗದ ಸೈನಿಕರ ಎದುರು ನಿಂತರು. ನಂಬದವರು ಚೆನ್ನಾಗಿ ನಿದ್ದೆ ಮಾಡಿ ಬಂದು ಗೆದ್ದರು. ಇಬ್ಬರೂ ಹೊರಗೆ ಬಂದು ಕಾಳಗದ ಬಗ್ಗೆ ಜಗಳ ಆಡಿದರು!

2021ರ ಜುಲೈನ ಐದನೇ ಪ್ಯಾಚ್ ಇಲ್ಲಿಗೆ ಕೈ ಹಾಕಿತು. ಕಾಳಗದ ನಡುವೆ ತಿನ್ನುವ ಊಟ ಹೋಗಿ, ಅದೇ ಊಟ ಕ್ಯಾಂಪ್‌ನ ಸಾಮಾನು ಆಯಿತು, ಲಾಂಗ್ ರೆಸ್ಟ್‌ಗೆ, ಅಂದರೆ ರಾತ್ರಿ ಮಲಗಲು, ಅದನ್ನು ಖರ್ಚು ಮಾಡಬೇಕು. ಪೂರ್ತಿ ಆಟದಲ್ಲಿ ಮಧ್ಯಮ ಮಟ್ಟಕ್ಕೆ ಒಂದು ರಾತ್ರಿಗೆ 40, ಟ್ಯಾಕ್ಟಿಶಿಯನ್ ಅನ್ನೋ ಕಠಿಣ ಮಟ್ಟಕ್ಕೆ 80. ಯೋಚನೆ ಸರಿಯಾದದ್ದು. ಆದರೆ ಪ್ರತಿ ಪೀಪಾಯಿ, ಪ್ರತಿ ಅಡುಗೆಮನೆಯಲ್ಲಿ ತಿನ್ನೋದು ಸಿಗುತ್ತಲೇ ಇದ್ದರೆ ಉಳಿತಾಯ ಯಾರು ಮಾಡುತ್ತಾರೆ? ಸ್ವಲ್ಪ ಹುಡುಕುವ ರೂಢಿ ಇರುವವರ ಚೀಲದಲ್ಲಿ ಎರಡನೇ ಅಂಕದ ಹೊತ್ತಿಗೆ ವಾರಗಟ್ಟಲೆ ಮಲಗುವಷ್ಟು ಊಟ ಇರುತ್ತದೆ.

2022ರ ಡಿಸೆಂಬರ್‌ನಲ್ಲಿ ಪ್ಯಾಲಡಿನ್ ಅನ್ನೋ ಧರ್ಮಯೋಧನ ಪಾತ್ರ ಬಂತು, ರಿಯಾಕ್ಷನ್‌ಗಳನ್ನು (ನಮ್ಮ ಸರದಿ ಅಲ್ಲದಾಗಲೂ ಕೊಡಬಹುದಾದ ತಿರುಗೇಟು) ಯಾವಾಗ ಬಳಸಬೇಕು ಅಂತ ಆಟವೇ ಕೇಳತೊಡಗಿತು, ಲೆವೆಲ್ 5ಕ್ಕೆ ಏರಿತು. ಆ 5ರಲ್ಲೇ ಎಲ್ಲ ಬದಲಾಗುತ್ತದೆ. ಯೋಧ ಒಂದು ಸಲಕ್ಕೆ ಎರಡು ಏಟು ಹೊಡೆಯುತ್ತಾನೆ, ಮಾಂತ್ರಿಕನಿಗೆ ಫೈರ್‌ಬಾಲ್ ಸಿಗುತ್ತದೆ, ಗುಂಪಾಗಿ ನಿಂತ ಒಬ್ಬೊಬ್ಬರಿಗೂ ಸರಾಸರಿ 28ರ ಏಟು. ಎರಡು ವರ್ಷ ಲಕ್ಷಾಂತರ ಜನ ಆಡಿ, ದೂರಿ, ಅಳೆದದ್ದೆಲ್ಲ ಲೆವೆಲ್ 1ರಿಂದ 4ರ ಆಟ. 2023ರ ಆಗಸ್ಟ್ 3ರಂದು ಬಂದ ಪೂರ್ತಿ ಆಟ ಹೋಗುವುದು 12ರವರೆಗೆ. ಮೊದಲ ಅಂಕದ ಒಂದೊಂದು ಕಾಳಗವೂ ಉಜ್ಜಿ ಉಜ್ಜಿ ನುಣ್ಣಗಾಗಿದೆ. ಮೂರನೇ ಅಂಕದಲ್ಲಿ ಒಳ್ಳೆಯ ಬಿಲ್ಡ್, ಅಂದರೆ ಪಾತ್ರದ ಶಕ್ತಿಗಳ ಒಳ್ಳೆಯ ಜೋಡಣೆ, ಇರುವವನಿಗೆ ದೊಡ್ಡ ದೊಡ್ಡ ಶತ್ರುಗಳು ಒಂದೇ ಟರ್ನ್‌ನಲ್ಲಿ ಬೀಳುತ್ತಾರೆ. ಹೊರಗಿನವರ ಕೈಗೆ ಸಿಕ್ಕ ಭಾಗ, ಸಿಗದ ಭಾಗ ಯಾವುದು ಅಂತ ಇಲ್ಲಿ ಎದ್ದು ಕಾಣುತ್ತದೆ.

2023ರ ನವೆಂಬರ್ 30ರಂದು ಆನರ್ ಮೋಡ್ ಬಂತು: ಒಂದೇ ಸೇವ್, ಎಲ್ಲರೂ ಸತ್ತರೆ ಕಥೆ ಮುಗಿಯಿತು, ದೊಡ್ಡ ಶತ್ರುಗಳಿಗೆ ತಮ್ಮದೇ ಹೊಸ ಪಟ್ಟುಗಳು. ‘ಏನೂ ಕಷ್ಟ ಇಲ್ಲ’ ಅನ್ನುವವರು ಅದಕ್ಕೆ ಹೋದರು. ವಿಜಯಪುರದ ನಮ್ಮ ದೋಸ್ತ ಒಬ್ಬ ಇನ್ನೂ ಅದರಲ್ಲೇ ಇದ್ದಾನೆ. ಆದರೆ ಅದೇ ದಿನ ಸದ್ದಿಲ್ಲದೆ ಬಂದ ಕಸ್ಟಮ್ ಮೋಡ್ ನನಗೆ ಜಾಸ್ತಿ ಮುಖ್ಯ. ಅದರಲ್ಲಿ ಕ್ಯಾಂಪ್ ಖರ್ಚನ್ನು ಬೇರೆಯಾಗಿಯೇ ಏರಿಸಬಹುದು, ಶತ್ರುಗಳ ಬಲ ಹಾಗೇ ಬಿಡಬಹುದು. ಹೊಸದಾಗಿ ಶುರು ಮಾಡುವವರು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಬಾಕಿ ಎಲ್ಲ ಮಧ್ಯಮದಲ್ಲಿಡು, ಕ್ಯಾಂಪ್ ಖರ್ಚು ಮಾತ್ರ ಏರಿಸು, ಎರಡು ಮೂರು ಕಾಳಗ ಆಗುವ ತನಕ ಮಲಗಬೇಡ. ಮತ್ತೆ 2023ಕ್ಕಿಂತ ಹಳೆಯ ವಿಡಿಯೊ ನೋಡಬೇಡ.