ಬಂದು ಮಾಯವಾದ ಬಿಳಿ ಮೋಡ

ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ನನಗೆ ಸಿಕ್ಕ ಲವಣ, ಅಲ್ಯೂಮಿನಿಯಂ ಇರುವ ಪಟಿಕ. ಅದರ ದ್ರಾವಣಕ್ಕೆ ಕಾಸ್ಟಿಕ್ ಸೋಡಾ ಎಂಬ ಪ್ರಬಲ ಪ್ರತ್ಯಾಮ್ಲವನ್ನು ಹನಿ ಹನಿಯಾಗಿ ಬಿಟ್ಟೆ. ಬೆಂದ ಸಬ್ಬಕ್ಕಿಯ ಹಾಗೆ ಬಿಳಿ ಲೋಳೆ ಕಟ್ಟಿತು. ಇನ್ನೂ ಚೆನ್ನಾಗಿ ಬರಲಿ ಅಂತ ಮತ್ತಷ್ಟು ಸುರಿದೆ. ಲೋಳೆ ಪೂರ್ತಿ ಮಾಯ! ಗಾಬರಿಯಾಗಿ ‘ಅಲ್ಯೂಮಿನಿಯಂ ಇಲ್ಲ’ ಎಂದು ಬರೆದುಬಂದೆ. ಹಾಗೆ ಕರಗುವುದೇ ಅಲ್ಯೂಮಿನಿಯಂನ ಗುರುತು ಎಂದು ಆಮೇಲೆ ತಿಳಿಯಿತು.

ತಪ್ಪು ತಲೆಯಲ್ಲೇ ಇತ್ತು. ಆ ಲೋಳೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಹೈಡ್ರಾಕ್ಸೈಡ್ ಅಂದರೆ ಪ್ರತ್ಯಾಮ್ಲ, ಅದು ಆಮ್ಲದಲ್ಲಿ ಮಾತ್ರ ಕರಗಬೇಕು ಎಂದು ಉರುಹೊಡೆದಿದ್ದೆ. ಆಮ್ಲ, ಪ್ರತ್ಯಾಮ್ಲ ಎಂಬುದೇನು ಹುಟ್ಟಿನಿಂದ ಅಂಟಿದ ಜಾತಿಯೇ? ಎದುರಿಗೆ ಯಾರಿದ್ದಾರೆ ಎನ್ನುವುದರ ಮೇಲೆ ಅದು ನಿಂತಿದೆ. ಅಲ್ಯೂಮಿನಿಯಂ, ಸತು, ಕ್ರೋಮಿಯಂಗಳ ಹೈಡ್ರಾಕ್ಸೈಡುಗಳು ಎರಡೂ ಕಡೆ ಸಲ್ಲುತ್ತವೆ. ಇವು ಉಭಯಧರ್ಮಿಗಳು.

ಗುಟ್ಟು ಲೋಹದ ಹಿಡಿತದಲ್ಲಿದೆ. ಸೋಡಿಯಂನ ಹಿಡಿತ ಸಡಿಲ. ಕೈಯಲ್ಲಿರುವ ಓಎಚ್ (ಹೈಡ್ರಾಕ್ಸೈಡಿನ ಆಕ್ಸಿಜನ್-ಹೈಡ್ರೋಜನ್ ಜೋಡಿ) ಅನ್ನು ಸುಮ್ನೆ ಬಿಟ್ಟುಬಿಡುತ್ತದೆ. ಅಲ್ಯೂಮಿನಿಯಂ ಅಯಾನು ಪುಟ್ಟದು, ಮೇಲೆ ಮೂರು ಧನ ಆವೇಶ ಬೇರೆ. ಸುತ್ತ ನೀರಿನ ಅಣುಗಳನ್ನೂ ಎಳೆದು ಕೂರಿಸಿಕೊಳ್ಳುತ್ತದೆ. ಎಳೆತದ ಜೋರಿಗೆ ಆ ನೀರಿನಲ್ಲಿರುವ ಹೈಡ್ರೋಜನ್ನಿನ ಕಟ್ಟು ಸಡಿಲವಾಗುತ್ತದೆ. ಆಮ್ಲ ಬಂದರೆ ಓಎಚ್ ಒಂದು ಪ್ರೋಟಾನ್ (ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್) ಪಡೆದು ನೀರಾಗುತ್ತದೆ, ಕಣಕ್ಕೆ ಧನ ಆವೇಶ ಬರುತ್ತದೆ. ಕಾಸ್ಟಿಕ್ ಬಂದರೆ ನೀರು ಒಂದು ಪ್ರೋಟಾನ್ ಬಿಟ್ಟುಕೊಡುತ್ತದೆ, ಕಣಕ್ಕೆ ಋಣ ಆವೇಶ. ಕೈಯಲ್ಲಿ ಚಿಲ್ಲರೆ ಇಟ್ಟುಕೊಂಡು ಕೂತ ಅಂಗಡಿಯವನ ಹಾಗೆ, ಕೊಡಲೂ ತಯಾರು, ತಗೊಳ್ಳಲೂ ತಯಾರು. ಆವೇಶವಿರುವ ಕಣವನ್ನು ನೀರು ಅಪ್ಪಿಕೊಳ್ಳುತ್ತದೆ, ಅದು ಕರಗುತ್ತದೆ. ಆವೇಶವಿಲ್ಲದ ಕಣಗಳು ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟರಂತೆ ಒಂದು ಮೂಲೆಯಲ್ಲಿ ಗುಂಪು ಕಟ್ಟುತ್ತವೆ. ಆ ಗುಂಪೇ ನಾನು ಕಂಡ ಲೋಳೆ.

ಕೆಸರು ನೀರನ್ನು ಪಟಿಕ ತಿಳಿ ಮಾಡುವುದೂ ಈ ಲೋಳೆಯಿಂದಲೇ. ಮಣ್ಣಿನ ಕಣ ಇದಕ್ಕೆ ಅಂಟಿ ತಳಕ್ಕಿಳಿಯುತ್ತದೆ. ಜಾಸ್ತಿ ಹಾಕಿದಷ್ಟೂ ನೀರು ತಿಳಿ ಎನ್ನುವವರಿದ್ದಾರೆ. ಪಟಿಕ ಕರಗಿದರೆ ನೀರು ಹುಳಿಯಾಗುತ್ತದೆ. ತೀರಾ ಹುಳಿಯಾದ ನೀರಲ್ಲಿ ಲೋಳೆಯೇ ಕಟ್ಟುವುದಿಲ್ಲ ಅಲ್ವಾ?

ಎರಡೂ ಕಡೆ ಸಲ್ಲುವ ಈ ಗುಣದಿಂದ ದೊಡ್ಡ ಲಾಭ ಮಾಡಿದವನು ಆಸ್ಟ್ರಿಯಾದ ಕಾರ್ಲ್ ಯೋಸೆಫ್ ಬೇಯರ್. ಮಾತ್ರೆಯ ಬೇಯರ್ ಅಲ್ಲ, ಅದು ಬೇರೆ ಮನೆತನ. 1880ರ ದಶಕದಲ್ಲಿ ಈತ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. ಹತ್ತಿ ಬಟ್ಟೆಗೆ ಬಣ್ಣ ಕಚ್ಚಿಸಲು ಶುದ್ಧ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಬೇಕಿತ್ತು. ಅಲ್ಯೂಮಿನಿಯಂನ ಅದಿರಾದ ಬಾಕ್ಸೈಟನ್ನು ಬಿಸಿ ಕಾಸ್ಟಿಕ್‌ನಲ್ಲಿ ಒತ್ತಡದಲ್ಲಿ ಬೇಯಿಸಿದರೆ ಅಲ್ಯೂಮಿನಿಯಂ ಕರಗುತ್ತದೆ. ಕಬ್ಬಿಣದ ಆಕ್ಸೈಡ್ ಜಪ್ಪಯ್ಯ ಅಂದರೂ ಕರಗುವುದಿಲ್ಲ, ಕೆಂಪು ಕೆಸರಾಗಿ ಉಳಿಯುತ್ತದೆ. ಸೋಸಿ, ತಣಿಸಿ, ಹಳೆಯ ಹೈಡ್ರಾಕ್ಸೈಡಿನ ಹರಳು ಸ್ವಲ್ಪ ಬೆರೆಸಬೇಕು. ಹೆಪ್ಪು ಹಾಕಿದ ಹಾಗೆ! ಹೊಸ ಹರಳು ಕಟ್ಟುತ್ತದೆ. ನಮ್ಮ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಲ್ಲೂ ಇದೇ ವಿಧಾನ.

ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯನ್ನು ಕಾಯುವ ತೆಳು ಆಕ್ಸೈಡ್ ಪದರಕ್ಕೂ ಇದೇ ಎರಡು ಬುದ್ಧಿ. ಹುಣಸೆಹುಳಿ ಅದನ್ನು ನಿಧಾನವಾಗಿ ತಿನ್ನುತ್ತದೆ. ಸಿಂಕ್ ಪೈಪಿಗೆ ಹಾಕುವ ಕಾಸ್ಟಿಕ್ ಪುಡಿಯನ್ನು ಮಾತ್ರ ಅದರಲ್ಲಿ ಕದಡಲೇಬೇಡಿ. ಪದರ ಕರಗಿ, ಒಳಗಿನ ಲೋಹವೇ ಬುರುಬುರು ಹೈಡ್ರೋಜನ್ ಬಿಡತೊಡಗುತ್ತದೆ, ಪಾತ್ರೆ ಕೈಸುಡುವಷ್ಟು ಕಾಯುತ್ತದೆ.