ಮಕ್ಕಳು ಭಾರ ಎತ್ತಿದರೆ ಎತ್ತರ ಬೆಳೆಯುವುದು ನಿಲ್ಲುತ್ತಾ?

ಪ್ರಶ್ನೆ: ನಮ್ಮ ಮಗನಿಗೆ 13 ವರ್ಷ. ಕ್ರಿಕೆಟ್ ಆಡುತ್ತಾನೆ, ಫಾಸ್ಟ್ ಬೌಲರ್. ವಾರಕ್ಕೆ ಎರಡು ದಿನ ಸ್ಟ್ರೆಂತ್ ಟ್ರೈನಿಂಗ್ ಶುರು ಮಾಡೋಣ ಅಂತ ಕೋಚ್ ಹೇಳುತ್ತಿದ್ದಾರೆ. ಮನೆಯಲ್ಲಿ ಮಾವನವರು ಬೇಡವೇ ಬೇಡ ಅನ್ನುತ್ತಾರೆ. ಈ ವಯಸ್ಸಲ್ಲಿ ಭಾರ ಎತ್ತಿದರೆ ಹುಡುಗ ಕುಳ್ಳಗೆ ಉಳಿದುಬಿಡುತ್ತಾನೆ ಅನ್ನುವುದು ಅವರ ಭಯ. ಏನು ಮಾಡೋದು?

ಉತ್ತರ: ಕಳಿಸಿ, ಭಯ ಬೇಡ. ಗೊತ್ತಿರುವವರು ಪಕ್ಕದಲ್ಲೇ ನಿಂತು, ವಯಸ್ಸಿಗೆ ತಕ್ಕಷ್ಟು ಮಾಡಿಸಿದರೆ ಭಾರ ಎತ್ತುವುದರಿಂದ ಮಕ್ಕಳ ಎತ್ತರಕ್ಕೆ ಏನೂ ಆಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಇದನ್ನು ಹಲವು ವರ್ಷಗಳಿಂದ ಹೇಳುತ್ತಾ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೂ 5ರಿಂದ 17 ವರ್ಷದ ಮಕ್ಕಳಿಗೆ ವಾರದಲ್ಲಿ ಮೂರು ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗುವಂಥ ಚಟುವಟಿಕೆ ಬೇಕು ಎನ್ನುತ್ತದೆ. ಹೃದಯದ ತೊಂದರೆ, ಬಿಪಿ ಇಂಥದ್ದೇನಾದರೂ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಹಾಗಂತ ನಿಮ್ಮ ಮಾವನವರ ಭಯ ಸುಮ್ನೆ ಹುಟ್ಟಿದ್ದಲ್ಲ. ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಒಂದು ಮೆತ್ತಗಿನ ಪದರ ಇರುತ್ತದೆ. ಡಾಕ್ಟರುಗಳು ಅದನ್ನು ಗ್ರೋತ್ ಪ್ಲೇಟ್ ಅನ್ನುತ್ತಾರೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ 14–16ಕ್ಕೆ, ಗಂಡುಮಕ್ಕಳಲ್ಲಿ 16–18ಕ್ಕೆ ಅದು ಗಟ್ಟಿ ಮೂಳೆಯಾಗಿ ಬೆಸೆದುಕೊಳ್ಳುತ್ತದೆ. ಕಿರಿಯ ಆಟಗಾರರ ವಯಸ್ಸು ಪರೀಕ್ಷೆ ಮಾಡಲು ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತದಲ್ಲ, ಅದರಲ್ಲಿ ನೋಡುವುದು ಮೂಳೆ ಎಷ್ಟು ಬಲಿತಿದೆ ಅಂತಲೇ. ಈ ಪದರಕ್ಕೆ ಜೋರು ಪೆಟ್ಟಾದರೆ ಆ ಮೂಳೆಯ ಬೆಳವಣಿಗೆ ಹದ ತಪ್ಪಬಹುದು, ನಿಜ. ಆದರೆ ಅಂಥ ಪೆಟ್ಟು ಹೆಚ್ಚಾಗಿ ಆಗುವುದು ಮರದಿಂದಲೋ ಸೈಕಲ್ಲಿನಿಂದಲೋ ಬಿದ್ದಾಗ, ಆಟದಲ್ಲಿ ಡಿಕ್ಕಿಯಾದಾಗ.

ಈಗ ನಿಮ್ಮ ಮಗನ ಬೌಲಿಂಗನ್ನೇ ನೋಡಿ. ಬೆಳೆದ ಫಾಸ್ಟ್ ಬೌಲರ್ ಓಡಿ ಬಂದು ಮುಂಗಾಲು ಊರುವ ಆ ಕ್ಷಣದಲ್ಲಿ ಕಾಲಿನ ಮೇಲೆ ಅವನ ತೂಕದ ಐದಾರು ಪಟ್ಟು ಒತ್ತಡ ಬೀಳುತ್ತದೆ. ಹುಡುಗನಿಗೆ ಕಡಿಮೆ ಅಂತಲೇ ಇಟ್ಟುಕೊಳ್ಳಿ, ನಾಲ್ಕು ಪಟ್ಟು. ತೂಕ 45 ಕೆ.ಜಿ. ಇದ್ದರೆ 180 ಕೆ.ಜಿ. ಆಯಿತು. ಪ್ರತಿ ಎಸೆತಕ್ಕೂ ಅಷ್ಟು. ಕೋಚ್ ಕೈಗೆ ಕೊಡುವ ಐದು ಕೆ.ಜಿ. ಡಂಬೆಲ್ ಇದರ ಮುಂದೆ ಯಾವ ಲೆಕ್ಕ? ಹದಿಹರೆಯದ ಫಾಸ್ಟ್ ಬೌಲರ್‌ಗಳಲ್ಲಿ ಸೊಂಟದ ಭಾಗದ ಬೆನ್ನುಮೂಳೆ ಸಣ್ಣಗೆ ಬಿರುಕು ಬಿಡುವುದು ಅಪರೂಪವೇನಲ್ಲ. ಅದಕ್ಕೇ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಯಾವ ವಯಸ್ಸಿನ ಹುಡುಗ ಎಷ್ಟು ಓವರ್ ಹಾಕಬಹುದು ಅಂತ ಮಿತಿ ಇಟ್ಟಿದೆ. ನಿಮ್ಮ ಮನೆಯಲ್ಲಿ ಚರ್ಚೆ ಆಗಬೇಕಾದ್ದು ಡಂಬೆಲ್ ಬಗ್ಗೆ ಅಲ್ಲ. ಹುಡುಗ ವಾರಕ್ಕೆ ಎಷ್ಟು ಬಾಲ್ ಹಾಕುತ್ತಾನೆ ಅನ್ನುವುದರ ಬಗ್ಗೆ.

"ವೇಟ್‌ಲಿಫ್ಟರ್‌ಗಳೆಲ್ಲ ಕುಳ್ಳಗೇ ಇದ್ದಾರಲ್ಲ?" ಅಂತಲೂ ತುಂಬ ಜನ ಕೇಳುತ್ತಾರೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 56 ಕೆ.ಜಿ. ವಿಭಾಗದಲ್ಲಿ. ಅಷ್ಟೇ ತೂಕದ ಮೈಯಲ್ಲಿ ಆರಡಿ ಎತ್ತರ ಇದ್ದರೆ ಸ್ನಾಯು ಎಲ್ಲಿಂದ ಬರಬೇಕು? ಕೈಕಾಲು ಗಿಡ್ಡ ಇದ್ದಷ್ಟೂ ಬಾರ್ ಏರಬೇಕಾದ ದೂರವೂ ಕಡಿಮೆ. ಎತ್ತರ ಕಡಿಮೆ ಇರುವವರಿಗೆ ಆ ಆಟ ಒಗ್ಗುತ್ತದೆ, ಅವರು ಅಲ್ಲಿ ಉಳಿಯುತ್ತಾರೆ, ಗೆಲ್ಲುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಡಿದ್ದರಿಂದ ಯಾರೂ ಉದ್ದ ಆಗಲಿಲ್ಲ, ಅಲ್ವಾ? ಇನ್ನು ಚಿಕ್ಕಂದಿನಲ್ಲೇ ಮೂಟೆ ಹೊತ್ತು ಬೆಳೆದವರು ಕುಳ್ಳಗೆ ಉಳಿದದ್ದನ್ನು ಹಿರಿಯರು ಕಣ್ಣಾರೆ ಕಂಡಿರುತ್ತಾರೆ. ಆ ಮಕ್ಕಳಿಗೆ ಹೊಟ್ಟೆ ತುಂಬ ಊಟ ಇರಲಿಲ್ಲ. ಎತ್ತರ ಕಿತ್ತುಕೊಂಡದ್ದು ಹಸಿವು. ನಮ್ಮ ಗರಡಿ ಮನೆಗಳಲ್ಲಿ ಎಳೆಯ ಹುಡುಗರು ಬಸ್ಕಿ, ದಂಡ ಹೊಡೆದು ಆರಾಮಾಗಿ ಎತ್ತರ ಬೆಳೆದಿದ್ದಾರೆ. ಅಲ್ಲಿ ಉಸ್ತಾದರ ಕಣ್ಣು ಸದಾ ಹುಡುಗರ ಮೇಲಿರುತ್ತಿತ್ತು.

ಕಣ್ಣು ಇರಬೇಕು ಅಂದೆನಲ್ಲ, ಅದು ಬಹಳ ಮುಖ್ಯ. ಒಳ್ಳೆ ಕೋಚ್ ಮೊದಲ ಕೆಲವು ವಾರ ಕಬ್ಬಿಣ ಮುಟ್ಟಿಸುವುದಿಲ್ಲ. ಮಾಪ್‌ನ ಕೋಲೊಂದು ಸಾಕು. ಅದನ್ನು ಹುಡುಗನ ಬೆನ್ನಿಗೆ ಉದ್ದಕ್ಕೆ ಹಿಡಿಸುತ್ತಾರೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಸೊಂಟದ ಕೆಳಗೆ. ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕುಂಡಿ ಹಿಂದೆ ತಳ್ಳಿ ಮುಂದಕ್ಕೆ ಬಾಗಬೇಕು. ಬಾಗುವಾಗ ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟುಕೊಂಡರೂ ಬೆನ್ನು ಗೂನಾಯಿತು ಅಂತ ಅರ್ಥ. ಇದು ಸಲೀಸಾಗಿ ಬರುವವರೆಗೆ ನೆಲದಿಂದ ಏನನ್ನೂ ಎತ್ತಿಸಬಾರದು. ಬಸ್ಕಿಯಲ್ಲಿ ಹಿಮ್ಮಡಿ ಮೇಲೇಳುತ್ತಿದೆಯಾ, ಮಂಡಿಗಳು ಒಳಕ್ಕೆ ವಾಲುತ್ತಿವೆಯಾ ಅಂತ ನೋಡಬೇಕು. ಸಣ್ಣ ಮೆಟ್ಟಿಲಿನಿಂದ ಜಿಗಿಸಿ, ಸದ್ದಾಗದ ಹಾಗೆ ಇಳಿಯುವುದನ್ನು ಕಲಿಸಬೇಕು. ಹೆಣ್ಣುಮಕ್ಕಳಿಗೆ ಇದು ಇನ್ನೂ ಜಾಸ್ತಿ ಬೇಕು. ಮೈನೆರೆದ ಮೇಲೆ ಮಂಡಿಯ ಒಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಗಟ್ಟಿ ಪಟ್ಟಿ ಹರಿಯುವ ಅಪಾಯ ಅವರಲ್ಲಿ ಹುಡುಗರಿಗಿಂತ ಹೆಚ್ಚು.

ಭಾರ ಬರುವುದು ಆಮೇಲೆ. ಒಂದು ಸೆಟ್‌ಗೆ 8ರಿಂದ 15 ಸಲ, ಒಂದೋ ಎರಡೋ ಸೆಟ್, ನಡುವೆ ಒಂದು ದಿನ ಬಿಟ್ಟು ವಾರಕ್ಕೆ ಎರಡು–ಮೂರು ದಿನ. ಕೊನೆಯ ಎರಡು ಸಲವೂ ಮೊದಲಿನಷ್ಟೇ ನೀಟಾಗಿ ಬರಬೇಕು. ಬಂದರೆ ಭಾರ ಶೇ 5ರಿಂದ 10ರಷ್ಟು ಏರಿಸಬಹುದು. ಹತ್ತು ಕೆ.ಜಿ. ಎತ್ತುವವನಿಗೆ ಅರ್ಧ ಅಥವಾ ಒಂದು ಕೆ.ಜಿ., ಅಷ್ಟೇ. ಎರಡು ತಿಂಗಳಾದರೂ ಮಗನ ತೋಳು ಹಾಗೇ ಇದೆಯಲ್ಲ ಅಂತ ಬೇಜಾರಾಗಬೇಡಿ. ಮೈ ಬಲಿಯುವ ಮೊದಲು ಮಕ್ಕಳ ಶಕ್ತಿ ಹೆಚ್ಚುವುದು ಸ್ನಾಯು ದಪ್ಪವಾಗಿ ಅಲ್ಲ. ಮೆದುಳು, ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿಯುವುದರಿಂದ.

ನಿಮ್ಮ ಮಗನ ವಯಸ್ಸಿನಲ್ಲಿ ನೀವೇ ಗಮನಿಸಬೇಕಾದ ಒಂದು ವಿಷಯ ಇದೆ. ಗಂಡುಮಕ್ಕಳು ಸಾಮಾನ್ಯವಾಗಿ 14ರ ಸುಮಾರಿಗೆ, ಹೆಣ್ಣುಮಕ್ಕಳು 12ರ ಸುಮಾರಿಗೆ ಅತಿ ವೇಗವಾಗಿ ಎತ್ತರ ಏರುತ್ತಾರೆ. ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ನಿನ್ನೆಯವರೆಗೆ ಚೆನ್ನಾಗಿ ಬರುತ್ತಿದ್ದ ಲೈನ್ ಕೆಡುತ್ತದೆ, ಓಟ ಒಡ್ಡೊಡ್ಡಾಗುತ್ತದೆ. ಆಗ ಹುಡುಗನನ್ನು ಸೋಮಾರಿ ಅಂತ ಬೈಯುವ ತಂದೆತಾಯಿಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಾಗಿಲ ಚೌಕಟ್ಟಿಗೆ ಮೂರು ತಿಂಗಳಿಗೊಮ್ಮೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ತಾರೀಕು ಬರೆಯಿರಿ. ಮೂರು ತಿಂಗಳಲ್ಲಿ ಎರಡು ಸೆಂ.ಮೀ. ಏರಿದರೆ ಆ ಕಾಲ ಬಂದಿದೆ. ಕೋಚ್‌ಗೆ ತಿಳಿಸಿ. ಓಟ, ಜಿಗಿತ, ಓವರ್‌ಗಳನ್ನು ಕಡಿಮೆ ಮಾಡಿಸಿ, ಭಾರವನ್ನು ಸ್ವಲ್ಪ ಇಳಿಸಿ, ಚಲನೆ ತಿದ್ದಿಸಿ.

ಒಟ್ಟು ಅಭ್ಯಾಸಕ್ಕೂ ಸುಲಭದ ಲೆಕ್ಕವೊಂದಿದೆ: ವಾರಕ್ಕೆ ಎಷ್ಟು ಗಂಟೆ ಅನ್ನುವುದು ಮಗುವಿನ ವಯಸ್ಸನ್ನು ಮೀರಬಾರದು. 13 ವರ್ಷಕ್ಕೆ 13 ಗಂಟೆ, ಮ್ಯಾಚ್ ಸೇರಿ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ. ರಾತ್ರಿ 8ರಿಂದ 10 ಗಂಟೆ ನಿದ್ದೆ. ಊಟಕ್ಕೆ ರಾಗಿ ಮುದ್ದೆ, ಕಾಳಿನ ಸಾರು, ಹಾಲು, ತಿನ್ನುವವರಾದರೆ ಮೊಟ್ಟೆ. ಪೌಡರ್ ಡಬ್ಬಿ ಬೇಕಿಲ್ಲ.

ಒಬ್ಬನೇ ಜಿಮ್‌ಗೆ ಹೋಗಿ ರೀಲ್ಸ್ ನೋಡಿ ಭಾರ ಎತ್ತುವುದಕ್ಕೆ ಮಾತ್ರ ಬಿಡಬೇಡಿ. ಚಿಕ್ಕ ಮಕ್ಕಳಿಗೆ ಇದರಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಕಾಲ ಮೇಲೆ ಭಾರ ಬೀಳಿಸಿಕೊಂಡು, ಬೆರಳು ಸಿಕ್ಕಿಸಿಕೊಂಡು ಆಗುವಂಥವು. ಅದಕ್ಕಿಂತ ದೊಡ್ಡ ಅಪಾಯ, ಬೇಗ ಬಾಡಿ ಬರುತ್ತೆ ಅಂತ ಯಾರೋ ಕೈಗಿಡುವ ಮಾತ್ರೆ, ಇಂಜೆಕ್ಷನ್. ಬೆಳೆಯುವ ವಯಸ್ಸಿನಲ್ಲಿ ಸ್ಟೆರಾಯ್ಡ್ ಮೈಗೆ ಹೋದರೆ ಗ್ರೋತ್ ಪ್ಲೇಟ್ ಅವಧಿಗೆ ಮೊದಲೇ ಮುಚ್ಚಿಕೊಳ್ಳಬಹುದು. ಎತ್ತರ ನಿಲ್ಲುವ ನಿಜವಾದ ಅಪಾಯ ಇರುವುದು ಅಲ್ಲಿ.

ಅಭ್ಯಾಸ ಶುರುವಾದ ಮೇಲೆ ಮೈಕೈ ನೋವು ಒಂದೆರಡು ದಿನ ಇರುತ್ತದೆ, ಹೋಗುತ್ತದೆ. ಮಂಡಿ ಚಿಪ್ಪಿನ ಕೆಳಗೆ ಉಬ್ಬು ಎದ್ದು ಮುಟ್ಟಿದರೆ ನೋವು, ಓಡಿದ ಮೇಲೆ ಹಿಮ್ಮಡಿ ನೋವು, ಇವು ಬೆಳೆಯುವ ವಯಸ್ಸಿನಲ್ಲಿ ಸಾಮಾನ್ಯ. ಆಟ ಕಡಿಮೆ ಮಾಡಿದರೆ ಹೆಚ್ಚಾಗಿ ತಗ್ಗುತ್ತವೆ. ಆದರೆ ಬೌಲಿಂಗ್ ಮಾಡುವಾಗ ಸೊಂಟದ ಒಂದೇ ಪಕ್ಕ ನೋಯುತ್ತಿದ್ದರೆ, ಹಿಂದಕ್ಕೆ ಬಾಗಿದಾಗ ಚುಚ್ಚುತ್ತಿದ್ದರೆ ಅವತ್ತೇ ಬಾಲ್ ಕೆಳಗಿಡಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಮೊದಲ ಎಕ್ಸ್‌ರೇಯಲ್ಲಿ ಇಂಥ ಬಿರುಕು ಕಾಣದೆಯೂ ಇರಬಹುದು. ನೋವು ಹೋಗದಿದ್ದರೆ ಎಂಆರ್‌ಐ ಬೇಕಾ ಅಂತ ನೀವೇ ಕೇಳಿ.